ಗುಲಾಬಿ ಬಣ್ಣಕ್ಕೆ ತಿರುಗದ ಕೈಗಳು

ಜಮಖಂಡಿ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"ತಲಾಟಿ (ಗ್ರಾಮ ಲೆಕ್ಕಿಗ) ಐದು ಸಾವಿರ ತಗೊಂಡು ಸಿಕ್ಕಿಬಿದ್ದರೆ ನೀವು ಫೋಟೋ ಸಮೇತ ಹಾಕುತ್ತೀರಿ. ನಮ್ಮ ಭಾಗದಲ್ಲಿ ದೊಡ್ಡ ಎಂಜಿನಿಯರ್ ಸಾಹೇಬರೊಬ್ಬರ ಹೆಂಡತಿಯ ತಮ್ಮನಿಗೇ ಮೂರು ವರ್ಷದಿಂದ ಕಾಲುವೆ ಹೂಳು ತೆಗೆಯುವ ಕೆಲಸ ಸಿಗುತ್ತಿದೆ. ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿದೆ. ಮೂರು ಕೊಟೇಶನ್ ಇವೆ. ಕಡಿಮೆ ದರದವರಿಗೇ ಕೆಲಸ ಕೊಟ್ಟಿದ್ದಾರೆ. ಆದರೆ ಮೂರರಲ್ಲೂ 'ಹೂಳು' ಎನ್ನುವುದನ್ನು 'ಊಳು' ಎಂದು ಬರೆದಿದೆ. ಮೂವತ್ತು ವರ್ಷ ಶುದ್ಧ ಬರಹ ತಿದ್ದಿದವನು ನಾನು, ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ? ಆಫೀಸಿನಲ್ಲಿ ಕೇಳಿದರೆ 'ಕಾಯ್ದೆ ಪ್ರಕಾರ ಎಲ್ಲಾ ಕರೆಕ್ಟ್ ಐತ್ರಿ ಸರ' ಅಂದರು. ಇದು ಲಂಚ ಅಲ್ಲವಾ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ? ದೊಡ್ಡವರ ಬಗ್ಗೆ ನೀವೇಕೆ ಬರೆಯುವುದಿಲ್ಲ? ಸಕ್ಕರೆ ಕಾರ್ಖಾನೆಯ ಜಾಹೀರಾತು ನಿಂತುಹೋಗುತ್ತದೆ ಅಂತಲೇ?"

ಮಾಸ್ತರರೇ,

ಕೊನೆಯ ಸಾಲು ಓದಿ ಸಿಟ್ಟು ಬಂತು. ಪತ್ರವನ್ನು ಎರಡು ದಿನ ಟೇಬಲ್ಲಿನ ಮೂಲೆಯಲ್ಲಿ ಮಗುಚಿ ಇಟ್ಟಿದ್ದೆ. ಆ ಪ್ರಶ್ನೆಗೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಮೊದಲು ತಲಾಟಿಯ ಮಾತು ಮುಗಿಸೋಣ.

ನಾನು ವರದಿಗಾರಿಕೆಗೆ ಹೊಸದಾಗಿ ಸೇರಿದ್ದಾಗ ವಿಜಯಪುರ ಜಿಲ್ಲೆಯ ಒಂದು ಕಚೇರಿಯಲ್ಲಿ ಟ್ರ್ಯಾಪ್ ನೋಡಿದ್ದೆ. ಯಾವ ಕಚೇರಿ ಅನ್ನುವುದು ಬೇಡ. ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಹೆಸರು ಸೇರಿಸಲು ರೊಕ್ಕ ಕೇಳಿದ್ದ ನೌಕರ. ಕೊಡುವ ನೋಟುಗಳಿಗೆ ಪೊಲೀಸರು ಮೊದಲೇ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಹಿಡಿದ ಮೇಲೆ ಅವನ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿಸಿದರು. ಗಾಜಿನ ಲೋಟದ ನೀರು ನೋಡನೋಡುತ್ತಲೇ ಗುಲಾಬಿ ಬಣ್ಣಕ್ಕೆ ತಿರುಗಿತು, ಜಾತ್ರೆಯಲ್ಲಿ ಮಾರುವ ಶರಬತ್ತಿನ ಹಾಗೆ. ಅದನ್ನು ಬಾಟಲಿಗೆ ಸುರಿದು ಅರಗಿನ ಸೀಲು ಹಾಕಿದರು. ಸಾಕ್ಷಿಗೆ ಕರೆದಿದ್ದ ಪಂಚರು ಸಹಿ ಮಾಡಿದರು. ಆ ಮನುಷ್ಯ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ ಆ ಪ್ಯಾಂಟನ್ನೂ ಬಿಚ್ಚಿಸಿ ಜೇಬು ಅದ್ದಿದರು. ಅದೂ ಗುಲಾಬಿ. ಲುಂಗಿ ಉಟ್ಟು ಜೀಪು ಹತ್ತಿದ.

ತಲಾಟಿ ಬೇಗ ಸುದ್ದಿಯಾಗುವುದು ಇದಕ್ಕೇ. ಸಾಕ್ಷಿ ಬಾಟಲಿಯಲ್ಲಿರುತ್ತದೆ. ನಿಮ್ಮ ಎಂಜಿನಿಯರ್ ಸಾಹೇಬರ ಕೈಯನ್ನು ಯಾವ ನೀರಿನಲ್ಲಿ ಅದ್ದೋಣ ಹೇಳಿ. ಅವರು ನೋಟು ಮುಟ್ಟಿಲ್ಲ. ಹಸಿರು ಶಾಯಿಯಲ್ಲಿ ಒಂದು ಸಹಿ ಮಾಡಿದ್ದಾರೆ, ಅಷ್ಟೇ. ರೊಕ್ಕ ಚೆಕ್ಕಿನಲ್ಲಿ ಹೋಗಿದೆ, ಜಿಎಸ್‌ಟಿ ಕಟ್ಟಿ ಹೋಗಿದೆ.

ಇದಕ್ಕೆ ಪುಸ್ತಕದ ಭಾಷೆಯಲ್ಲಿ ಹಿತಾಸಕ್ತಿ ಸಂಘರ್ಷ ಅನ್ನುತ್ತಾರೆ. ಬಾಯಿಗೆ ಭಾರವಾದ ಮಾತು, ನನಗೇ ಇಷ್ಟವಿಲ್ಲ. ನಿಮ್ಮ ಊರಿನ ಕಬ್ಬು ತೂಗುವ ಕಾಟಾ ಇದಕ್ಕಿಂತ ಚೆನ್ನಾಗಿ ತಿಳಿಸುತ್ತದೆ. ಕಬ್ಬು ರೈತನದು, ಕೊಳ್ಳುವವರು ಕಾರ್ಖಾನೆಯವರು. ಕಾಟಾ ಯಾರದು? ಕೊಳ್ಳುವವರದ್ದೇ. ಕಾಟಾದವನು ಮೋಸ ಮಾಡಿದನೋ ಇಲ್ಲವೋ ಆಮೇಲಿನ ಮಾತು. ರೈತ ಹೊರಗಡೆ ಎರಡು ನೂರು ರೂಪಾಯಿ ಕೊಟ್ಟು ಟ್ರಾಲಿ ತೂಗಿಸಿಕೊಂಡೇ ಒಳಗೆ ಹೋಗುವುದು ಯಾಕೆ? ನಂಬಿಕೆ ಮೊದಲೇ ಹೋಗಿರುತ್ತದೆ, ಅದಕ್ಕೆ. ಬೇಲಿ ಹೊಲ ಮೇಯುವುದು ಲಂಚ. ನೀವು ಬರೆದದ್ದು ಬೇರೆ: ಬೇಲಿ ಹಾಕುವ ಗುತ್ತಿಗೆಯೇ ಭಾಮೈದನಿಗೆ ಹೋಗಿದೆ. ಬೇಲಿಯೂ ಇದೆ, ಬಿಲ್ಲೂ ಇದೆ, ಫೈಲೂ ಇದೆ.

ಇನ್ನು ಆ ಗುಮಾಸ್ತ ಹೇಳಿದ 'ಕಾಯ್ದೆ ಪ್ರಕಾರ ಕರೆಕ್ಟ್'. ಬೇಸರದ ವಿಷಯ ಅಂದರೆ ಅವನು ಪೂರ್ತಿ ಸುಳ್ಳು ಹೇಳಿಲ್ಲ.

1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಮೊದಲು 13(1)(ಡಿ) ಅಂತ ಒಂದು ಕಲಂ ಇತ್ತು. ಕುರ್ಚಿಯಲ್ಲಿ ಕೂತವನು ಸಾರ್ವಜನಿಕ ಹಿತ ಇಲ್ಲದೆ ಯಾರಿಗಾದರೂ ಲಾಭ ಮಾಡಿಕೊಟ್ಟರೆ ಅದೇ ಅಪರಾಧ. ಅವನ ಕೈಗೆ ರೊಕ್ಕ ಬಂತು ಅಂತ ತೋರಿಸಲೇಬೇಕು ಅಂತಿರಲಿಲ್ಲ. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಆ 13ನೇ ಕಲಮಿನಲ್ಲಿ ಉಳಿದಿರುವುದು ಎರಡೇ: ವಹಿಸಿಕೊಟ್ಟ ಆಸ್ತಿಯನ್ನು ನುಂಗುವುದು, ಆದಾಯಕ್ಕಿಂತ ಜಾಸ್ತಿ ಆಸ್ತಿ ಮಾಡುವುದು. ತೆಗೆದದ್ದಕ್ಕೆ ಕಾರಣ ಕೊಟ್ಟರು. ಪ್ರಾಮಾಣಿಕ ಅಧಿಕಾರಿ ಕೂಡ ಫೈಲಿಗೆ ಸಹಿ ಹಾಕಲು ಹೆದರುತ್ತಾನೆ, ಮುಂದೆ ಯಾರೋ ಲೆಕ್ಕ ಹಾಕಿ ನಷ್ಟ ಅಂದರೆ ಜೈಲು ಅಂತ. ಕಾರಣದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೆದರಿದ ಒಳ್ಳೆಯ ಅಧಿಕಾರಿಗಳನ್ನು ನೋಡಿದ್ದೇನೆ. ಆದರೆ ಒಳ್ಳೆಯವರನ್ನು ಉಳಿಸಲು ತೆರೆದ ಬಾಗಿಲಿನಲ್ಲೇ ಭಾಮೈದನೂ ನುಸುಳಿದ.

ಅದೇ ತಿದ್ದುಪಡಿಯಲ್ಲಿ 17ಎ ಸೇರಿತು. ಅಧಿಕಾರಿ ತನ್ನ ಕೆಲಸದ ಭಾಗವಾಗಿ ಮಾಡಿದ ಶಿಫಾರಸು ಅಥವಾ ನಿರ್ಣಯದ ಬಗ್ಗೆ ತನಿಖೆ ಮಾಡಬೇಕಾದರೆ ಪೊಲೀಸರು ಮೊದಲು ಸರ್ಕಾರದ ಒಪ್ಪಿಗೆ ಕೇಳಬೇಕು. ಮೂರು ತಿಂಗಳಲ್ಲಿ ಉತ್ತರ ಬರಬೇಕು, ಬೇಕಾದರೆ ಇನ್ನೊಂದು ತಿಂಗಳು. ಒಂದು ಕಡೆ ಮಾತ್ರ ಒಪ್ಪಿಗೆ ಬೇಕಿಲ್ಲ: ಲಂಚ ತಗೊಳ್ಳುವಾಗ ಸ್ಥಳದಲ್ಲೇ ಹಿಡಿದರೆ. ಸ್ಥಳದಲ್ಲಿ ಕೈಯೊಡ್ಡುವವರು ಯಾರು ಮಾಸ್ತರರೇ? ತಲಾಟಿ, ಗುಮಾಸ್ತ, ಲೈನ್‌ಮನ್. ಸಹಿಯಲ್ಲಿ ಮುಗಿಸುವವರು ಯಾರು? ನೀವು ಕೇಳಿದ 'ದೊಡ್ಡವರು ಯಾಕಿಲ್ಲ' ಎಂಬುದಕ್ಕೆ ಅರ್ಧ ಉತ್ತರ ಈ ಒಂದು ಕಲಮಿನಲ್ಲೇ ಇದೆ.

ನಡತೆ ನಿಯಮಗಳಿವೆ. ರಾಜ್ಯದ ನೌಕರರಿಗೆ 2021ರದ್ದು, ಐಎಎಸ್, ಐಪಿಎಸ್‌ನವರಿಗೆ 1968ರದ್ದು. ಐಎಎಸ್‌ನವರು ಪ್ರತಿ ವರ್ಷ ಜನವರಿ 31ರೊಳಗೆ ಸ್ಥಿರಾಸ್ತಿ ಪಟ್ಟಿ ಕೊಡಬೇಕು. ತನ್ನ ಕಚೇರಿಯ ಜೊತೆ ವ್ಯವಹಾರ ಇರುವ ಖಾಸಗಿ ಕಂಪನಿಯಲ್ಲಿ ಕುಟುಂಬದವರು ಕೆಲಸಕ್ಕೆ ಸೇರಬೇಕಾದರೆ ಮೊದಲೇ ಅನುಮತಿ ತಗೊಳ್ಳಬೇಕು. ಓದಿದರೆ ಚೆನ್ನಾಗಿಯೇ ಇದೆ. ತೂತು ಇರುವುದು 'ಕುಟುಂಬ' ಎಂಬ ಪದದಲ್ಲಿ. 1968ರ ನಿಯಮದಲ್ಲಿ ಕುಟುಂಬ ಅಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಆಮೇಲೆ ರಕ್ತದಿಂದಲೋ ಮದುವೆಯಿಂದಲೋ ನೆಂಟರಾಗಿ ಪೂರ್ತಿ ಇವರ ಮೇಲೇ ಅವಲಂಬಿತರಾದವರು. ಎರಡು ಜೆಸಿಬಿ, ನಾಲ್ಕು ಟಿಪ್ಪರ್ ಇಟ್ಟುಕೊಂಡ ಭಾಮೈದ ಯಾರ ಮೇಲೂ ಅವಲಂಬಿತನಲ್ಲ! ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಅವನ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ನಿಯಮದ ಕಣ್ಣಿಗೆ ಅವನು ಪರಕೀಯ.

ಭಾರತೀಯ ನ್ಯಾಯ ಸಂಹಿತೆಯ 202 ಮತ್ತು 203ನೇ ಕಲಂ ಕೂಡ ನೋಡಿ, ಹಳೆಯ ದಂಡ ಸಂಹಿತೆಯಲ್ಲಿ ಇವು 168, 169 ಆಗಿದ್ದವು. ವ್ಯಾಪಾರ ಮಾಡಕೂಡದ ಸರ್ಕಾರಿ ನೌಕರ ವ್ಯಾಪಾರಕ್ಕಿಳಿದರೆ 202. ಕೊಳ್ಳಕೂಡದ ಆಸ್ತಿಯನ್ನು ತನ್ನ ಹೆಸರಲ್ಲೋ ಬೇರೆಯವರ ಹೆಸರಲ್ಲೋ ಕೊಂಡರೆ 203, ಎರಡು ವರ್ಷದವರೆಗೆ ಜೈಲು, ಆಸ್ತಿ ಜಪ್ತಿ. ಇಷ್ಟು ವರ್ಷ ಕೋರ್ಟು ಸುತ್ತಿದ್ದೇನೆ, ಈ ಎರಡು ಕಲಮುಗಳ ಮೇಲೆ ದೊಡ್ಡ ಅಧಿಕಾರಿಯೊಬ್ಬರ ಕೇಸು ನಡೆದದ್ದನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಹಿತಾಸಕ್ತಿಯ ಕಾರಣಕ್ಕೆ ಯಾರಿಗೂ ಏನೂ ಆಗುವುದಿಲ್ಲವೇ? ಆಗುತ್ತದೆ. ನಮ್ಮ ಬೆಳಗಾವಿಯಲ್ಲೇ ಆಯಿತು. 2025ರ ಫೆಬ್ರವರಿಯಲ್ಲಿ ಪ್ರಾದೇಶಿಕ ಆಯುಕ್ತರು ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರ ಸದಸ್ಯತ್ವ ರದ್ದು ಮಾಡಿದರು. ಕಾರಣ, ಗೋವಾವೇಸ್ ಹತ್ತಿರದ ತಿನಿಸು ಕಟ್ಟೆಯಲ್ಲಿ ಅವರ ಹೆಂಡತಿಯರ ಹೆಸರಿಗೆ ಮಳಿಗೆ ಇದ್ದದ್ದು. ಅವರ ವಾದ ಅವರಿಗಿದೆ, ವಿಷಯ ಹೈಕೋರ್ಟಿಗೂ ಹೋಯಿತು. ಸರಿ ತಪ್ಪು ಅಲ್ಲಿ ತೀರ್ಮಾನವಾಗಲಿ. ನಾನು ಹೇಳುವುದು ಅಳತೆಯ ಮಾತು. ಆ ಕಟ್ಟೆಯಲ್ಲಿ ನಾನೂ ಭಜಿ ತಿಂದಿದ್ದೇನೆ. ಒಂದು ಮಳಿಗೆಯ ಉದ್ದ ಅಗಲ ಎಷ್ಟು ಅಂತ ನನಗೆ ಗೊತ್ತು. ಒಂದು ಭಜಿ ಬಾಣಲೆಯಷ್ಟು ಹಿತಾಸಕ್ತಿಗೆ ಸದಸ್ಯತ್ವ ಹೋಗುತ್ತದೆ ಅಂದರೆ, ದಿನಕ್ಕೆ ಸಾವಿರಗಟ್ಟಲೆ ಟನ್ ಕಬ್ಬು ಅರೆಯುವ ಹಿತಾಸಕ್ತಿಗೆ ಏನು ಹೋಗಬೇಕು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಹಲವು ಕಾರ್ಖಾನೆಗಳು ರಾಜಕಾರಣಿಗಳ ಮನೆತನದವು. ಇದರಲ್ಲಿ ಪಕ್ಷಭೇದ ಇಲ್ಲ. ಗುಟ್ಟೂ ಇಲ್ಲ, ಚುನಾವಣೆಯ ಅಫಿಡವಿಟ್ಟಿನಲ್ಲಿ ಅವರೇ ಬರೆದುಕೊಡುತ್ತಾರೆ. ಕಾರ್ಖಾನೆ ನಡೆಸುವುದು ತಪ್ಪಲ್ಲ, ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ತೊಡಕು ಬರುವುದು ಇಲ್ಲಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನದೊಳಗೆ ಬಿಲ್ಲು ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ವಸೂಲಿ ಮಾಡಬೇಕಾದವರು ಜಿಲ್ಲಾಧಿಕಾರಿ. ಆ ಜಿಲ್ಲಾಧಿಕಾರಿಯ ವರ್ಗಾವಣೆ ಯಾರ ಮಾತಿನ ಮೇಲೆ ಆಗುತ್ತದೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವವನಿಗೂ ಗೊತ್ತು. ನಿಮ್ಮ ಕಬ್ಬಿನ ಬಿಲ್ಲಿಗೆ 15ರ ಬಡ್ಡಿ ಬಂದದ್ದು ನೆನಪಿದೆಯೇ? ನನ್ನ ಅಪ್ಪನಿಗಂತೂ ಬರಲಿಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಕೊನೆಗೆ 3,300 ಅಂತ ಆಯಿತು. ಕಾರ್ಖಾನೆಯವರು 50, ಸರ್ಕಾರ 50 ಜಾಸ್ತಿ ಹಾಕುವುದು ಅಂತ. ಸರ್ಕಾರದ 50 ನಮ್ಮ ನಿಮ್ಮ ತೆರಿಗೆ. ಲೆಕ್ಕ ಸರಿಯೋ ತಪ್ಪೋ ಬಲ್ಲವರು ಹೇಳಲಿ. ಆದರೆ ಇಂಥ ಲೆಕ್ಕ ಹಾಕುವ ಮೇಜಿನ ಸುತ್ತ ಕೂತವರಲ್ಲಿ ಯಾರಿಗೆ ಯಾವ ಕಾರ್ಖಾನೆಯಲ್ಲಿ ಪಾಲಿದೆ ಅಂತ ಮೊದಲೇ ಓದಿ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನೀವೂ ನೋಡಿದ್ದೀರಿ. ಹೊರಗೆ ಟೆಂಟಿನಲ್ಲಿ ಬಿಲ್ಲಿಗಾಗಿ ಕೂತವರು. ಕಾರಿನಲ್ಲಿ ಒಳಗೆ ಹೋಗುವವರೂ ಬಿಲ್ಲಿಗಾಗಿಯೇ ಹೋಗುತ್ತಾರೆ, ಆ ಬಿಲ್ಲು ಬೇರೆ, ಪಾಸು ಮಾಡುವಂಥದ್ದು. ಎರಡೂ ಬಿಲ್ಲು ಒಂದೇ ಮನೆಯವರ ಕೈಯಲ್ಲಿದ್ದರೆ ಯಾವುದಕ್ಕೆ ಮೊದಲು ಸಹಿ ಬೀಳುತ್ತದೆ?

ಶಾಸಕರ ಬಗ್ಗೆ ಕಾಯ್ದೆ ಇಲ್ಲದೆ ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಪ್ರಕಾರ ಸರ್ಕಾರಕ್ಕೆ ಸಾಮಾನು ಪೂರೈಸುವ, ಸರ್ಕಾರದ ಕಾಮಗಾರಿ ಮಾಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅನರ್ಹತೆ. ಗುತ್ತಿಗೆ ಅವನದೇ ಆಗಿರಬೇಕು. ಅಣ್ಣನದೋ ಸೊಸೆಯದೋ ಆದರೆ ನಿಜವಾದ ಪಾಲುದಾರ ಶಾಸಕನೇ ಅಂತ ತೋರಿಸುವ ಹೊಣೆ ದೂರು ಕೊಟ್ಟವನ ತಲೆಗೆ. ಮತ್ತೆ ಅದೇ ಭಾಮೈದನ ತೂತು.

ಕಮಿಷನ್ ಮಾತನ್ನು ನೀವು ಎತ್ತಿಲ್ಲ, ಆದರೂ ನಮ್ಮ ಜಿಲ್ಲೆಯ ಒಂದು ನೋವನ್ನು ಬಿಟ್ಟು ಮುಂದೆ ಹೋಗಲಾರೆ. ಹಿಂಡಲಗಾದಲ್ಲಿ ವರ್ಕ್ ಆರ್ಡರ್ ಇಲ್ಲದೆಯೇ ಕಾಮಗಾರಿ ಮಾಡಿಸಿಕೊಂಡಿದ್ದರು, ಬಿಲ್ಲು ಆಗಲಿಲ್ಲ, ಕಮಿಷನ್ ಕೇಳಿದರು ಎಂದು ಆರೋಪಿಸಿದ ಗುತ್ತಿಗೆದಾರರು 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವರು ಆರೋಪ ಅಲ್ಲಗಳೆದರು, ರಾಜೀನಾಮೆಯನ್ನೂ ಕೊಟ್ಟರು. ಅದೇ ವರ್ಷದ ಜುಲೈನಲ್ಲಿ ಪೊಲೀಸರು ಬಿ ರಿಪೋರ್ಟ್, ಅಂದರೆ ಸಾಕ್ಷ್ಯ ಇಲ್ಲವೆಂದು ಕೇಸು ಮುಗಿಸುವ ವರದಿ, ಹಾಕಿದರು. ಅದರ ಮೇಲೆ ನಾನು ತೀರ್ಪು ಕೊಡುವವನಲ್ಲ. 'ಕೆಲಸ ಶುರು ಮಾಡು, ಆರ್ಡರ್ ಆಮೇಲೆ ಕೊಡೋಣ' ಎಂಬ ಬಾಯಿಮಾತು ನಮ್ಮ ಕಡೆ ಎಷ್ಟು ಮಾಮೂಲಿ ಅಂತ ನಿಮಗೂ ಗೊತ್ತು. ಕಾಗದ ಇಲ್ಲದ ಕಡೆ ಅಧಿಕಾರಿಗೆ ಕಾಗದಕ್ಕಿಂತ ದೊಡ್ಡ ಅಧಿಕಾರ ಬರುತ್ತದೆ.

ಇನ್ನು ನಿಮ್ಮ ಜಿಲ್ಲೆಯದೇ ವಿಷಯ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕು. ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ದರ ನಿಗದಿ ಮಾಡಿತು. ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಮಧ್ಯದ ವ್ಯತ್ಯಾಸ 10 ಲಕ್ಷ. ಅದು ನಿಂತಿರುವುದು ಒಂದೇ ಪದದ ಮೇಲೆ. ಆ ಪದ ಬರೆಯುವವರು ಕೆಳಗಿನವರು, ಒಪ್ಪುವವರು ಮೇಲಿನವರು. ಇದು ಲಂಚದ ಜಾಗ, ಎಲ್ಲರ ಕಣ್ಣೂ ಇಲ್ಲೇ ಇದೆ. ನನಗೆ ಹೆಚ್ಚು ಚಿಂತೆ ಇನ್ನೊಂದು ಜಾಗದ್ದು. ಯಾವ ಸರ್ವೆ ನಂಬರು ಮುಳುಗುತ್ತದೆ, ಯಾವುದು ಪುನರ್ವಸತಿಗೆ ಹೋಗುತ್ತದೆ ಎಂಬ ನಕ್ಷೆಯನ್ನು ಊರಿಗಿಂತ ಮೊದಲು ನೋಡುವವರು ಕೆಲವರೇ. ನಕ್ಷೆ ನೋಡಿದವನು ಯಾರಿಂದಲೂ ರೊಕ್ಕ ತಗೊಳ್ಳಬೇಕಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಒಂದು ಸಾಲು ಬಾಯಿ ಬಿಟ್ಟರೆ ಸಾಕು. ಮುಂದಿನ ವಾರ ಯಾವನೋ ಬಂಧು ಬಂದು, ಕಷ್ಟದಲ್ಲಿರುವ ರೈತನಿಗೆ ರೇಟಿಗಿಂತ ಐವತ್ತು ಸಾವಿರ ಜಾಸ್ತಿಯೇ ಕೊಟ್ಟು ಜಮೀನು ಖರೀದಿ ಮಾಡುತ್ತಾನೆ. ರೈತ ಅವನಿಗೆ ಕೈ ಮುಗಿಯುತ್ತಾನೆ! ನಿಮ್ಮೂರ ಸುತ್ತ ಇಂಥದ್ದೇನಾದರೂ ಆಗಿದೆಯೋ ನೋಡಬೇಕೆಂದರೆ ಉತಾರದ 9 ಮತ್ತು 10ನೇ ಕಾಲಂ ನೋಡಿ. ಹೆಸರು ಯಾವಾಗ ಬದಲಾಯಿತು, ಹೇಗೆ ಬದಲಾಯಿತು ಅಂತ ಅಲ್ಲಿರುತ್ತದೆ. ಆ ತಾರೀಕನ್ನು ಅಧಿಸೂಚನೆಯ ತಾರೀಕಿನ ಪಕ್ಕ ಇಡಿ. ಹೆಸರಿಗಿಂತ ತಾರೀಕು ಜಾಸ್ತಿ ಮಾತಾಡುತ್ತದೆ.

ದೂರು ಎಲ್ಲಿ ಕೊಡಬೇಕು ಎಂದು ನೀವು ಮೂರನೇ ಪುಟದಲ್ಲಿ ಕೇಳಿದ್ದೀರಿ. ಲೋಕಾಯುಕ್ತಕ್ಕೇ ಕೊಡಿ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಲೋಕಾಯುಕ್ತ ಪೊಲೀಸರ ಕೈ ಕಟ್ಟಿದ್ದರು, 2022ರ ಆಗಸ್ಟ್ 11ರಂದು ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ನಿಗದಿತ ನಮೂನೆಯಲ್ಲಿ ಬರೆದು ಅಫಿಡವಿಟ್ ಲಗತ್ತಿಸಬೇಕು. ಆರೋಪ ಐದು ವರ್ಷದೊಳಗಿನದಾಗಿರಬೇಕು, ನಿಮ್ಮದು ಮೂರು ವರ್ಷದ್ದು, ನಡೆಯುತ್ತದೆ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಶಿಕ್ಷೆ ಇದೆ, ಹಾಗಾಗಿ ಕಾಗದದಲ್ಲಿ ಇರುವಷ್ಟನ್ನೇ ಬರೆಯಿರಿ. ನಿಮ್ಮ ಪತ್ರದಲ್ಲಿ ಸಾಹೇಬರ ಮನೆಯ ಗ್ರಾನೈಟ್ ಬಗ್ಗೆ ಒಂದು ಇಡೀ ಪ್ಯಾರಾ ಇದೆ. ಅದನ್ನು ಬಿಡಿ. ಬರೆಯಬೇಕಾದದ್ದು ಎರಡೇ: ಗುತ್ತಿಗೆದಾರ ತನಗೆ ಏನಾಗಬೇಕು ಅಂತ ಸಾಹೇಬರು ಮೇಲಿನವರಿಗೆ ಲಿಖಿತವಾಗಿ ತಿಳಿಸಿದ್ದರೇ? ಮೂರು ಕೊಟೇಶನ್ ನಿಜವಾಗಿ ಮೂರು ಜನರಿಂದ ಬಂದವೇ? ಎರಡನೆಯದಕ್ಕೆ ನಿಮ್ಮ 'ಊಳು' ಸಾಕ್ಷಿ ಹೇಳುತ್ತದೆ. ಕೆಲಸವನ್ನು ತುಂಡು ತುಂಡು ಮಾಡಿ ಟೆಂಡರಿನ ಮಿತಿಯ ಕೆಳಗೆ ತಂದಿದ್ದಾರೆಯೇ ಅಂತಲೂ ನೋಡಿ. ಮೂರು ಕೊಟೇಶನ್ನಿನಲ್ಲಿ ಮುಗಿದಿದೆ ಅಂದರೆ ನನಗೆ ಅದೇ ಅನುಮಾನ.

ಸಾಹೇಬರ ಆಸ್ತಿ ಪಟ್ಟಿ ಕೇಳಿದರೆ ಕೊಡಲಿಲ್ಲ ಅಂದಿರಿ. ಕೊಡುವುದಿಲ್ಲ. 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥದ್ದನ್ನೆಲ್ಲ ವೈಯಕ್ತಿಕ ಮಾಹಿತಿ ಎಂದಿತು, ದೊಡ್ಡ ಸಾರ್ವಜನಿಕ ಹಿತ ತೋರಿಸಿದರೆ ಮಾತ್ರ ಸಿಗಬಹುದು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಆ ಕಲಮನ್ನೇ ತಿದ್ದಿ ಇನ್ನೂ ಬಿಗಿ ಮಾಡಿತು. ಐಎಎಸ್‌ನವರ ಪಟ್ಟಿ ಕೇಂದ್ರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು, ನಮ್ಮ ಎಂಜಿನಿಯರ್ ಸಾಹೇಬರದು ಮಾತ್ರ ಬೀರುವಿನಲ್ಲಿ.

ಎಲ್ಲರೂ ಮುಚ್ಚಿಡುತ್ತಾರೆ ಅಂತಲೂ ಅಲ್ಲ. 2011ರಲ್ಲಿ ಲೋಕಾಯುಕ್ತರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಮೇಲೆ ಹೌಸಿಂಗ್ ಸೊಸೈಟಿ ಸೈಟಿನ ಮಾತು ಬಂತು. ತಪ್ಪು ಮಾಡಿಲ್ಲ ಎಂದರು, ಆದರೂ ಎರಡು ತಿಂಗಳು ತುಂಬುವ ಮೊದಲೇ ಕುರ್ಚಿ ಬಿಟ್ಟರು. ತಪ್ಪಿತ್ತೋ ಇಲ್ಲವೋ ಬೇರೆ ಮಾತು. ಬೇರೆಯವರ ಸೈಟು ತೂಗುವ ಜಾಗದಲ್ಲಿ ಕೂತವನ ಸೈಟಿನ ಮೇಲೇ ಪ್ರಶ್ನೆ ಬಂದರೆ ಆ ತಕ್ಕಡಿ ನಡೆಯುವುದಿಲ್ಲ ಅಂತ ಅವರಿಗೆ ಅನ್ನಿಸಿತಲ್ಲ, ಅದು ನನಗೆ ನೆನಪಿದೆ.

ಈಗ ಜಾಹೀರಾತು.

ಹೌದು, ಬರುತ್ತದೆ. ದೀಪಾವಳಿ ಸಂಚಿಕೆಯ ಹಿಂಬದಿ ರಕ್ಷಾಪುಟ ಒಂದು ಕಾರ್ಖಾನೆಯದು. ಆ ರೊಕ್ಕದಲ್ಲಿ ಎರಡು ತಿಂಗಳ ಕಾಗದದ ಖರ್ಚು ನಡೆಯುತ್ತದೆ. ಅದೇ ಸಂಚಿಕೆಗೆ ಕಬ್ಬಿನ ಬಾಕಿ ಬಿಲ್ಲಿನ ಬಗ್ಗೆ ಒಬ್ಬ ಹುಡುಗ ಒಳ್ಳೆಯ ಲೇಖನ ಬರೆದುಕೊಟ್ಟಿದ್ದ, ಊರೂರು ತಿರುಗಿ. ಜಾಗ ಇಲ್ಲ, ಮುಂದಿನ ಸಲ ನೋಡೋಣ ಅಂದೆ. ಜಾಗ ಇತ್ತು. 14ನೇ ಪುಟದಲ್ಲಿ ರಂಗೋಲಿ ಸ್ಪರ್ಧೆಯ ಆರು ಫೋಟೋ ಹಾಕಿದ್ದೆ, ಮೂರು ಸಾಕಿತ್ತು. ಕಾರ್ಖಾನೆಯವರು ನನಗೆ ಫೋನು ಮಾಡಿರಲಿಲ್ಲ. ಅವರಿಗೆ ಆ ಲೇಖನ ಇತ್ತು ಅಂತಲೇ ಗೊತ್ತಿಲ್ಲ. ಯಾರೂ ಏನೂ ಕೇಳಲಿಲ್ಲ, ನಾನೇ ಲೇಖನವನ್ನು ಡ್ರಾಯರಿಗೆ ಹಾಕಿದೆ, ಮತ್ತು ಆ ದಿನ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು. ನಿಮ್ಮ ಪತ್ರ ಬರುವವರೆಗೆ ಅದು ನನಗೆ ನೆನಪೂ ಇರಲಿಲ್ಲ. ನನ್ನ ಬೆರಳನ್ನು ಯಾವ ನೀರಿನಲ್ಲಿ ಅದ್ದಿದರೂ ಬಣ್ಣ ಬರುತ್ತಿರಲಿಲ್ಲ.

ಆ ಹುಡುಗನಿಗೆ ನಿನ್ನೆ ಫೋನು ಮಾಡಿದೆ. ಮೊದಲು ಎತ್ತಲಿಲ್ಲ, ಸಂಜೆ ಎತ್ತಿದ. ಲೇಖನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಅಂಕಿಅಂಶ ಹೊಸದು ಮಾಡಿಕೊಡುತ್ತೇನೆ ಅಂದಿದ್ದಾನೆ. ಅದರ ಕೆಳಗೆ ಒಂದು ಡಬ್ಬಿಯಲ್ಲಿ, ಈ ವರ್ಷ ಯಾವ ಯಾವ ಕಾರ್ಖಾನೆಯಿಂದ ನಮಗೆ ಎಷ್ಟು ರೂಪಾಯಿಯ ಜಾಹೀರಾತು ಬಂದಿದೆ ಅಂತ ಹಾಕುತ್ತೇವೆ. ನಮ್ಮ ಮ್ಯಾನೇಜರಿಗೆ ಇದು ಒಪ್ಪಿಗೆ ಇಲ್ಲ. ಬೆಳಗಿನಿಂದ ನನ್ನ ಜೊತೆ ಮಾತಾಡಿಲ್ಲ.

ನಿಮ್ಮ ಎಂಜಿನಿಯರ್ ಸಾಹೇಬರ ವಿಷಯ ಹೆಸರು ಹಾಕಿ ಬರೆಯಬೇಕಾದರೆ ಅವರನ್ನೂ ಕೇಳಬೇಕು, ಕೇಳುತ್ತೇವೆ. ಅದಕ್ಕೆ ಮೊದಲು ಮೂರೂ ಕೊಟೇಶನ್ನಿನ ಜೆರಾಕ್ಸ್ ಕಳಿಸಿ. ಹಿಂಬದಿಯನ್ನೂ ಮರೆಯದೆ ಮಾಡಿಸಿ. ಕಚೇರಿಗೆ ಕಾಗದ ಬಂದಾಗ ಒತ್ತುವ ಆವಕದ ಸಿಕ್ಕಾ ಮತ್ತು ತಾರೀಕು ಅಲ್ಲೇ ಇರುತ್ತದೆ. ಮೂರೂ ಒಂದೇ ದಿನ ಬಂದಿದ್ದರೆ, ಸಂಖ್ಯೆಗಳು ಒಂದರ ಹಿಂದೆ ಒಂದು ಇವೆಯೇ ನೋಡಿ ಒಂದು ಸಾಲು ಬರೆಯಿರಿ.

– ಸಂಪಾದಕ, ಬೆಳಗಾವಿ